ಈ ಕೈ ತೂಕ ಇಳಿಸುವುದಿಲ್ಲ

ತಕ್ಕಡಿಯಣ್ಣನ ಮಗಳ ಮಣಿಕಟ್ಟಿನಲ್ಲಿ ಮೂರು ಮಡಿಕೆಗಳಿದ್ದವು. ತೋಳು ಎಲ್ಲಿ ಮುಗಿದು ಅಂಗೈ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಬೇಕಾದರೆ ಆ ಮೂರು ಗೆರೆಗಳ ಸಾಕ್ಷ್ಯವನ್ನೇ ಕೇಳಬೇಕಿತ್ತು. ನಾಲ್ಕು ವರ್ಷದ ಆ ಹುಡುಗಿಗೆ ಹೆತ್ತವರು ಇಟ್ಟ ಹೆಸರು ಯಾವುದೋ ದಾಖಲೆಯಲ್ಲಿ ಭದ್ರವಾಗಿ ಮಲಗಿತ್ತು. ಬೀದಿಗೆಲ್ಲ ಅವಳು ದಿಂಬು.

ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅಜ್ಜಿ ಆ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತಿದ್ದಳು. ಜನ ಸಮುದ್ರವನ್ನು ಮೊದಲ ಸಲ ಕಂಡಾಗ ನಿಲ್ಲುತ್ತಾರಲ್ಲ, ಹಾಗೆ ಒಂದು ಗಳಿಗೆ ಟವೆಲು ಹಿಡಿದು ನಿಂತುಬಿಡುತ್ತಿದ್ದಳು.

"ನಮ್ಮ ವಂಶದಲ್ಲೇ ಯಾರ ಕೈಗೂ ಮಡಿಕೆ ಬಿದ್ದಿರಲಿಲ್ಲ ಕಣೋ," ಎಂದು ಮಗನಿಗೆ ಹೇಳುತ್ತಿದ್ದಳು. "ನನ್ನ ಕೈ ನೋಡು, ಪೊರಕೆ ಕಡ್ಡಿ. ನಿನ್ನದು ಅದರ ತಮ್ಮ. ಇವಳೊಬ್ಬಳು ಹುಟ್ಟಿದ್ದಕ್ಕೆ ನಮ್ಮನೆಗೂ ಮೈ ಅಂತ ಒಂದು ಬಂತು."

ಆರು ಹೆತ್ತು ನಾಲ್ಕನ್ನು ಉಳಿಸಿಕೊಂಡ ಅಜ್ಜಿಯ ಈ ಮಾತಿಗೆ ಎದುರಾಡುವ ಗಂಡಸು ಆ ಮನೆಯಲ್ಲಿ ಇರಲಿಲ್ಲ. ಹೆಂಗಸು ಒಬ್ಬಳಿದ್ದಳು. ದಿಂಬುವಿನ ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಮಗಳ ಫ್ರಾಕಿನ ಪಕ್ಕದ ಹೊಲಿಗೆಯನ್ನು ತಿಂಗಳಿಗೊಮ್ಮೆ ಬಿಚ್ಚಿ ಅಗಲ ಮಾಡುತ್ತಾ ಅವಳು ಗೊಣಗುವುದಿತ್ತು: "ಬಟ್ಟೇದೇ ತಪ್ಪು ಅಂತ ಇನ್ನೆಷ್ಟು ದಿನ ಬಿಚ್ಚಲಿ? ಬಿಚ್ಚೋಕೆ ಹೊಲಿಗೆ ಒಳಗೆ ಬಟ್ಟೇನೇ ಉಳಿದಿಲ್ಲ." ಹೊಲಿಗೆ ಯಂತ್ರದ ಸದ್ದಿನಲ್ಲಿ ಈ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸಲಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ತಕ್ಕಡಿಯಣ್ಣ ಇಪ್ಪತ್ತೆರಡು ವರ್ಷದಿಂದ ತಕ್ಕಡಿ ರಿಪೇರಿ ಮಾಡುವವನು. ಆ ಬೀದಿಯ ಬೇಕರಿ, ದಿನಸಿ ಅಂಗಡಿ, ತರಕಾರಿ ಗಾಡಿ, ಹಳೇ ಕಬ್ಬಿಣದ ಮಂಡಿ, ಎಲ್ಲದರ ತಟ್ಟೆಗಳೂ ಮುಳ್ಳುಗಳೂ ಅವನ ಬೆರಳು ಕಂಡವು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಅವನು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದ. ಅವನು ತಕ್ಕಡಿಯ ಹೊಟ್ಟೆ ಬಿಚ್ಚುವಾಗ ಅಂಗಡಿಯವರು ದಿಂಬುವಿನ ಹೊಟ್ಟೆ ತುಂಬುತ್ತಿದ್ದರು. ಇಲ್ಲಿ ಎರಡು ಕ್ರೀಮ್ ಬಿಸ್ಕತ್ತು, ಅಲ್ಲೊಂದು ಕುರುಕಲು ಪೊಟ್ಟಣ, ಮುಂದಿನ ಅಂಗಡಿಯಲ್ಲಿ ಕೆಂಪು ಬಣ್ಣದ ಸಿಹಿನೀರು. ಕೊಟ್ಟವರು ಕೆನ್ನೆ ಹಿಂಡಿ, ಹಿಂಡಿದ ಬೆರಳನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿದ್ದರು. ಅಷ್ಟು ಮೆತ್ತಗಿನ ವಸ್ತು ಆ ಬೀದಿಯಲ್ಲಿ ಬೇರೆ ಇರಲಿಲ್ಲ.

ಹೀಗಿರುವಾಗ ಶಿಶುವಿಹಾರದಲ್ಲಿ ಮಕ್ಕಳನ್ನು ತೂಗುವ ದಿನ ಬಂತು.

ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ತೂಕದ ಯಂತ್ರ, ಒಂದು ಕಟ್ಟು ಕಾರ್ಡು, ಒಂದು ನೀಲಿ ಪೆನ್ನು ತಂದಿದ್ದರು. ಮಕ್ಕಳು ನಲವತ್ತು, ನರ್ಸಮ್ಮ ಒಬ್ಬರೇ. ಪ್ರತಿ ಮಗುವಿನ ಕಾರ್ಡಿನಲ್ಲೂ ಬೆಟ್ಟದ ಹಾದಿಗಳಂತೆ ಮೇಲೇರುವ ಕೆಲವು ಗೆರೆಗಳು. ಮಗು ತೂಗಿದಷ್ಟಕ್ಕೆ ಆ ಗೆರೆಗಳ ನಡುವೆ ಒಂದು ಚುಕ್ಕಿ. ಕೆಲವರ ಚುಕ್ಕಿ ಕೆಳಗಿನ ಗೆರೆಯ ಅಡಿಯಲ್ಲಿ ಮುದುಡಿ ಕೂತಿತು. ಹೆಚ್ಚಿನವರದು ನಡುವೆ. ದಿಂಬುವಿನ ಸರದಿ ಬಂದಾಗ ಯಂತ್ರದ ಮುಳ್ಳು ಸುಮ್ಮನೆ ಹೋಯಿತು, ಇನ್ನೂ ಹೋಯಿತು, ಆಮೇಲೆ ನಿಂತಿತು.

"ಇಪ್ಪತ್ತಾರೂವರೆ," ಎಂದರು ನರ್ಸಮ್ಮ.

ಸಾಲಿನ ಮುಂದಿದ್ದವರು ಹಿಂದಿನವರಿಗೆ ಹೇಳಿದರು. ಸಂಖ್ಯೆ ಗೇಟು ತಲುಪುವ ಹೊತ್ತಿಗೆ ಮೂವತ್ತೊಂದಾಗಿತ್ತು.

ನರ್ಸಮ್ಮ ಪೆನ್ನು ಹಿಡಿದು ಕಾರ್ಡಿನಲ್ಲಿ ಜಾಗ ಹುಡುಕಿದರು. ಎಲ್ಲ ಗೆರೆಗಳೂ ಕೆಳಗೇ ಉಳಿದವು. ಕೊನೆಗೆ ಚುಕ್ಕಿಯನ್ನು ಅಂಚಿನಾಚೆ, ಇಲಾಖೆಯ ಮುದ್ರೆಯ ಪಕ್ಕದಲ್ಲಿ ಇಡಬೇಕಾಯಿತು. ತಕ್ಕಡಿಯಣ್ಣನ ಎದೆ ಹಿಗ್ಗಿತು. ಅವನ ವಂಶದ ಯಾವ ಚುಕ್ಕಿಯೂ ಸರ್ಕಾರಿ ಮುದ್ರೆಯ ಅಷ್ಟು ಹತ್ತಿರ ಹೋದದ್ದಿಲ್ಲ.

"ಇದು ಅತಿತೂಕ ಅಣ್ಣಾ," ನರ್ಸಮ್ಮ ತಲೆಯೆತ್ತದೆ ಹೇಳಿದರು. "ಇಳಿಸ್ಬೇಕು."

ಅವನು ಥಟ್ಟನೆ ಮಗಳನ್ನು ಎತ್ತಿ ನೆಲಕ್ಕೆ ಇಳಿಸಿದ. "ಇಳಿಸಿದೆ ನರ್ಸಮ್ಮಾ."

"ಮಗೂನ ಅಲ್ಲ. ತೂಕ ಇಳಿಸ್ಬೇಕು."

ಇಲ್ಲಿ ಓದುಗರು ಒಂದು ವಿಷಯ ತಿಳಿದಿರಬೇಕು. ತಕ್ಕಡಿ ರಿಪೇರಿಯವರ ಲೋಕದಲ್ಲಿ ಎರಡೇ ಮಹಾಪಾಪಗಳಿವೆ. ತೂಕ ಏರಿಸುವುದು, ತೂಕ ಇಳಿಸುವುದು. ಮಾರುವವನು ಬಂದು, "ಕಡಿಮೆ ಹಾಕಿದ್ರೂ ಜಾಸ್ತಿ ತೋರಿಸೋ ಹಾಗೆ ಮಾಡಿಕೊಡಿ" ಎಂದರೆ ಅದು ಏರಿಸುವುದು. ಕೊಳ್ಳುವವನು ಬಂದು, "ಜಾಸ್ತಿ ಇದ್ರೂ ಕಡಿಮೆ ತೋರಿಸ್ಲಿ" ಎಂದರೆ ಅದು ಇಳಿಸುವುದು. ತಟ್ಟೆಯಡಿ ಒಂದು ಚೂರು ಸೀಸ, ಕೊಕ್ಕೆಗೆ ಒಂದು ಸಣ್ಣ ಬಾಗು, ಅಷ್ಟೇ ಸಾಕು. ತಕ್ಕಡಿಯಣ್ಣ ಎರಡನ್ನೂ ಮಾಡಿದವನಲ್ಲ. ಹಳೇ ಕಬ್ಬಿಣದ ಮಂಡಿಯವನು ಒಮ್ಮೆ ಇಳಿಸಿಕೊಡು ಎಂದು ಕಿವಿಯಲ್ಲಿ ಉಸುರಿದ್ದಕ್ಕೆ ಅವನ ಅಂಗಡಿಯ ಮೆಟ್ಟಿಲನ್ನು ಎರಡು ವರ್ಷ ಹತ್ತಿರಲಿಲ್ಲ.

ಈಗ ಬಿಳಿ ಬಟ್ಟೆ ತೊಟ್ಟ ಸರ್ಕಾರಿ ನರ್ಸಮ್ಮ, ಹಾಡಹಗಲಲ್ಲಿ, ನಲವತ್ತು ಮಕ್ಕಳ ಎದುರಿಗೆ ಅದೇ ಮಾತು ಆಡುತ್ತಿದ್ದಾರೆ. ಅವನು ದನಿ ತಗ್ಗಿಸಿದ.

"ಎಷ್ಟು ಇಳಿಸ್ಬೇಕು ಅಂತೀರಿ?"

"ಇರಬೇಕಾದ್ದಕ್ಕಿಂತ ಏಳೆಂಟು ಕೆಜಿ ಜಾಸ್ತಿ ಇದೆಯಲ್ಲ."

ತಕ್ಕಡಿಯಣ್ಣನಿಗೆ ತಲೆ ಗಿರ್ರೆಂದಿತು. ಮಂಡಿಯವನು ಕೇಳಿದ್ದು ಇನ್ನೂರು ಗ್ರಾಂ. ಏಳೆಂಟು ಕೆಜಿ! ಅಪರಾಧದ ಗಾತ್ರಕ್ಕೇ ಒಂದು ಗಾಂಭೀರ್ಯವಿತ್ತು.

"ಒಂದೇ ಸಲಕ್ಕಾ?"

"ಅಯ್ಯೋ, ಒಂದೇ ಸಲ ಬೇಡ, ಅಪಾಯ. ನಿಧಾನಕ್ಕೆ, ಯಾರಿಗೂ ತೊಂದ್ರೆ ಆಗದ ಹಾಗೆ. ಮನೆಯವರೆಲ್ಲ ಸೇರಿ ಮಾಡ್ಬೇಕು. ಮುಖ್ಯವಾಗಿ ಅಜ್ಜೀನ ಸೇರಿಸ್ಕೊಳ್ಳಿ."

"ನಮ್ಮಮ್ಮನ್ನೂನಾ!"

"ಅವರ ಕೈಲೇ ಅಲ್ವಾ ಇರೋದೆಲ್ಲ. ಮುಂದಿನವರು ಬನ್ನಿ."

ತಕ್ಕಡಿಯಣ್ಣ ಮಗಳನ್ನು ಹೆಗಲೇರಿಸಿಕೊಂಡ. ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, "ನರ್ಸಮ್ಮಾ, ಈ ಕೈ ತೂಕ ಇಳಿಸುವುದಿಲ್ಲ!" ಎಂದು ಘೋಷಿಸಿ ಹೊರನಡೆದ. ಕೊನೆಯ ಪದವನ್ನು ಅವನು ಪುಸ್ತಕದ ಭಾಷೆಯಲ್ಲೇ ಆಡಿದ. ಅಂಥ ಸಂದರ್ಭಕ್ಕೆ ಆಡುಮಾತು ಸಾಲದು. ನರ್ಸಮ್ಮ ಹತ್ತೊಂಬತ್ತನೇ ಮಗುವನ್ನು ತೂಗುತ್ತಿದ್ದರು, ಗಮನಿಸಲಿಲ್ಲ.

ತಕ್ಕಡಿಯಣ್ಣನ ಜೊತೆಗೇ ಸುದ್ದಿ ಬೇಕರಿ ಮುಟ್ಟಿತು. ಬೇಕರಿಯವನು ಉಪ್ಪುಖಾರ ಹಚ್ಚದೆ ಯಾವುದನ್ನೂ ಹೊರಗೆ ಬಿಡುವವನಲ್ಲ. ಅವನು ಕೇಳಿದ ಪ್ರಶ್ನೆ ಇಡೀ ಬೀದಿಯನ್ನು ಬೇಕರಿಯ ಮುಂದೆ ಸೇರಿಸಿತು.

"ಸರಿ ಅಣ್ಣಾ, ಏಳೆಂಟು ಕೆಜಿ ಇಳಿಸ್ತಾರೆ. ಆ ಏಳೆಂಟು ಕೆಜಿ ಎಲ್ಲಿಗೆ ಹೋಗುತ್ತೆ?"

ದಿನಸಿ ಅಂಗಡಿಯ ಅಕ್ಕ ಬೆರಳು ಮಡಚಿದಳು. "ಒಂದು ಮಗೂಗೆ ಏಳೂವರೆ ಅಂತ ಇಟ್ಕೊಳ್ಳಿ. ನಲವತ್ತು ಮಕ್ಕಳು. ಮುನ್ನೂರು ಕೆಜಿ."

"ಮೂರು ಕ್ವಿಂಟಾಲ್!" ಬೇಕರಿಯವನು ಕುರ್ಚಿಯಲ್ಲಿ ಕುಸಿದ. "ಒಂದು ಶಿಶುವಿಹಾರದಿಂದ! ಊರಲ್ಲಿ ಎಷ್ಟು ಶಿಶುವಿಹಾರ ಇವೆ ಹೇಳಿ?"

ಸರ್ಕಾರದ ಕಾಗದದ ಮೇಲಿಂದ ಟನ್ನುಗಟ್ಟಲೆ ಮಕ್ಕಳು ಮಾಯವಾಗುತ್ತಿರುವ ದೃಶ್ಯ ಎಲ್ಲರ ಕಣ್ಣ ಮುಂದೆ ಹಾದುಹೋಯಿತು. ಆ ಬೀದಿಯಲ್ಲಿ ಅಷ್ಟು ದೊಡ್ಡದು ಯಾವುದೂ ಅದುವರೆಗೆ ನಡೆದಿರಲಿಲ್ಲ. ಭಯದ ಜೊತೆಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅಲ್ಲೇ ಅರ್ಜಿ ಬರೆಯಲಾಯಿತು. ಬೇಕರಿಯವನು ಹೇಳಿದ, ಅಕ್ಕ ಬರೆದಳು, ತಕ್ಕಡಿಯಣ್ಣ ಸಹಿ ಹಾಕಿದ. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರಿಗೆ: "ಮಕ್ಕಳ ತೂಕವನ್ನು ಇಳಿಸಲು ನನ್ನ ಮೇಲೆ ಒತ್ತಡ ತರಲಾಗಿದೆ. ಯಂತ್ರವನ್ನು ಕೂಡಲೇ ಪರೀಕ್ಷಿಸಬೇಕು."

ಅಜ್ಜಿ ಮಾತ್ರ ಅರ್ಜಿಗೆ ಕಾಯಲಿಲ್ಲ. "ಇಳಿಸೋರು ಇಳಿಸ್ಲಿ, ನಾವು ತುಂಬಿಸ್ತಾ ಇರೋಣ," ಎಂದು ಹಾಲಿಗೆ ಮೂರು ಚಮಚದ ಬದಲು ಐದು ಚಮಚ ಸಕ್ಕರೆ ಹಾಕತೊಡಗಿದಳು. ಆ ವಾರ ದಿಂಬು ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತಳು. ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದಂತೆ ಕೇಳಿತು. "ಅಪ್ಪಾ, ಎತ್ಕೋ," ಎಂದಳು. ಅವನು ಎತ್ತಿಕೊಂಡ. ಹೆಂಡತಿ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿ, "ಅರ್ಜಿ ಕೊಟ್ರಲ್ಲ, ಇದಕ್ಕೂ ಒಂದು ಅರ್ಜಿ ಬರೀರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಇನ್‌ಸ್ಪೆಕ್ಟರು ಮುಂದಿನ ವಾರವೇ ಬಂದರು. ಇಪ್ಪತ್ತಾರು ವರ್ಷದ ಸೇವೆ. ಆ ಸೇವೆಯ ಬಹುಪಾಲು ಕುರ್ಚಿಯಲ್ಲೇ ನಡೆದಿತ್ತು, ಅಂಗಿಯ ಕೆಳಗಿನ ಎರಡು ಗುಂಡಿಗಳು ಅದಕ್ಕೆ ಸಾಕ್ಷಿ ಹೇಳುತ್ತಿದ್ದವು. ಜವಾನ ಮರದ ಪೆಟ್ಟಿಗೆಯಲ್ಲಿ ಇಲಾಖೆಯ ತೂಕದ ಬಟ್ಟುಗಳನ್ನು ಹೊತ್ತು ತಂದ. ಶಿಶುವಿಹಾರದ ಅಂಗಳದಲ್ಲಿ ಬೀದಿಗೆ ಬೀದಿಯೇ ಸೇರಿತು. ನರ್ಸಮ್ಮನನ್ನೂ ಕರೆಸಲಾಗಿತ್ತು. ತಮ್ಮ ಮೇಲೆ ಇರುವ ಆರೋಪ ಏನೆಂದು ಅವರಿಗೆ ಎಷ್ಟು ವಿವರಿಸಿದರೂ ತಲೆಬುಡ ತಿಳಿಯಲಿಲ್ಲ.

"ನಾನು ಮೂರು ಕ್ವಿಂಟಾಲ್ ಮಕ್ಕಳನ್ನ ಏನು ಮಾಡ್ಲಿ ಸಾರ್?"

"ಅದು ಆಮೇಲೆ ವಿಚಾರಣೆಯಲ್ಲಿ ಬರುತ್ತೆ," ಎಂದರು ಇನ್‌ಸ್ಪೆಕ್ಟರು.

ಯಂತ್ರವನ್ನು ಪರೀಕ್ಷಿಸುವ ಗೌರವ ತಕ್ಕಡಿಯಣ್ಣನಿಗೇ ಬಂತು. ಅವನು ಹೊಟ್ಟೆಯ ಮೇಲೆ ಮಲಗಿ ಯಂತ್ರದ ತಳ ನೋಡಿದ. ಸೀಸವಿಲ್ಲ. ಸ್ಪ್ರಿಂಗಿಗೆ ಕಿವಿಯಿಟ್ಟ. ಬಾಗಿಲ್ಲ. ಐದು ಕೆಜಿಯ ಬಟ್ಟು ಇಟ್ಟ, ಮುಳ್ಳು ಐದಕ್ಕೆ ನಿಂತಿತು. ಹತ್ತು ಇಟ್ಟ, ಹತ್ತು. ಇಪ್ಪತ್ತು. ಇಪ್ಪತ್ತೈದು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಅವನ ಮುಖದಲ್ಲಿ ಬೆರಗು ಮೂಡಿತು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಪ್ರಾಮಾಣಿಕವಾದ ಯಂತ್ರವನ್ನು ಅವನು ಕಂಡಿರಲಿಲ್ಲ. ತನ್ನ ಕೈಯಿಂದ ರಿಪೇರಿಯಾದದ್ದೂ ಹೀಗಿರಲಿಲ್ಲ.

ಕೊನೆಗೆ ದಿಂಬುವನ್ನು ನಿಲ್ಲಿಸಿದರು. ಮುಳ್ಳು ಸುಮ್ಮನೆ ಹೋಯಿತು, ಇನ್ನೂ ಹೋಯಿತು.

"ಇಪ್ಪತ್ತೇಳು," ಎಂದ ತಕ್ಕಡಿಯಣ್ಣ.

"ವಾರದಲ್ಲಿ ಅರ್ಧ ಕೆಜಿ!" ಎಂದರು ನರ್ಸಮ್ಮ.

ಅಜ್ಜಿ ಆಕಾಶ ನೋಡಿದಳು.

ಅರ್ಧ ಗಂಟೆಯ ಮಾತುಕತೆಯ ನಂತರ 'ತೂಕ ಇಳಿಸುವುದು' ಎಂಬ ಮಾತಿಗೆ ಆರೋಗ್ಯ ಇಲಾಖೆಯಲ್ಲಿ ಒಂದು ಅರ್ಥ, ತೂಕ-ಅಳತೆ ಇಲಾಖೆಯಲ್ಲಿ ಇನ್ನೊಂದು ಅರ್ಥ ಎಂಬುದು ಸಭೆಗೆ ಮನವರಿಕೆಯಾಯಿತು. ಬೇಕರಿಯವನ ಮುಖ ಬಾಡಿತು. ಮೂರು ಕ್ವಿಂಟಾಲ್ ಒಂದೇ ಏಟಿಗೆ ಕೈತಪ್ಪಿತ್ತು.

ತಕ್ಕಡಿಯಣ್ಣ ಕೈಮುಗಿದ. "ತಪ್ಪಾಯ್ತು ನರ್ಸಮ್ಮಾ. ಹೊಟ್ಟೆಗೆ ಹಾಕ್ಕೊಳ್ಳಿ."

"ಸಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕಿ ಹಾಕೀನೇ ಅಣ್ಣಾ ಇಷ್ಟೆಲ್ಲ ಆಗಿದ್ದು," ಎಂದರು ನರ್ಸಮ್ಮ. "ಗಡಿಬಿಡೀಲಿ ನಾನೂ ಇಳಿಸ್ಬೇಕು ಅಂದುಬಿಟ್ಟೆ. ಈ ವಯಸ್ಸಿಗೆ ಉಪವಾಸ ಕೆಡವಿ ಇಳಿಸೋದಲ್ಲ. ಹೊಟ್ಟೆ ತುಂಬ ಊಟ ಕೊಡಿ. ಪೊಟ್ಟಣದ್ದು, ಬಣ್ಣದ ನೀರು, ಸಕ್ಕರೆ ನಿಲ್ಲಿಸಿ. ತೂಕ ಏರದೆ ನಿಂತರೆ ಸಾಕು, ಎತ್ತರ ಬಂದು ಅದನ್ನ ಹಿಡಿಯುತ್ತೆ. ಒಂದು ಸಲ ಡಾಕ್ಟರಿಗೂ ತೋರಿಸೋಣ, ಯಂತ್ರ ಹತ್ತುವಾಗ ಬಂತಲ್ಲ, ಆ ಏದುಸಿರು ನನಗೆ ಹಿಡಿಸ್ತಿಲ್ಲ."

ಅಜ್ಜಿ ಮುಂದೆ ಬಂದಳು. ಕಡ್ಡಿಯಂಥ ಕೈಯನ್ನು ನರ್ಸಮ್ಮನ ಮುಖದ ಮುಂದೆ ಹಿಡಿದಳು.

"ನೋಡಮ್ಮಾ. ನನಗೆ ಇವಳ ವಯಸ್ಸಲ್ಲಿ ಹಸಿವು ಅಂದ್ರೆ ಏನು ಅಂತ ಗೊತ್ತಿತ್ತು, ಬಿಸ್ಕತ್ತು ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ. ಎರಡು ಮಕ್ಕಳನ್ನ ಕಳ್ಕೊಂಡಿದೀನಿ. ಮೈ ತುಂಬ್ಕೊಂಡಿರೋ ಮಗೂನ ನೋಡಿ ಕಾಯಿಲೆ ಅಂತೀಯಲ್ಲ, ನಿನ್ನ ಕಣ್ಣು ಸರಿ ಇದೆಯಾ?"

ನರ್ಸಮ್ಮ ಆ ಕೈಯನ್ನು ಹಿಡಿದುಕೊಂಡರು. ಬಿಡಲಿಲ್ಲ. "ಅಜ್ಜೀ, ನಾನು ಕೆಲಸಕ್ಕೆ ಸೇರಿದಾಗ ಈ ಬೀದಿಯಿಂದ ಬರ್ತಿದ್ದವೆಲ್ಲ ನಿಮ್ಮ ಕೈಯಂಥ ಮಕ್ಕಳೇ. ಈಗ್ಲೂ ಬರ್ತವೆ. ಅವುಗಳ ಜೊತೆ ದಿಂಬುನಂಥವೂ ಬರ್ತವೆ. ಇಬ್ಬರ ಕೈಲೂ ಅದೇ ಪೊಟ್ಟಣ. ನನಗೂ ಮೊದಮೊದಲು ಅರ್ಥ ಆಗ್ಲಿಲ್ಲ." ಆಮೇಲೆ ಅಂಗಳದ ಆ ತುದಿಗೆ ಕೈ ತೋರಿಸಿದರು. "ನನ್ನ ಮಾತು ಬಿಡಿ. ಅಲ್ಲಿ ನೋಡಿ."

ದೊಡ್ಡವರ ವಿಚಾರಣೆಯಿಂದ ಬೇಸತ್ತ ಮಕ್ಕಳು ಅಲ್ಲಿ ಆಟ ಶುರುಮಾಡಿದ್ದರು. ಒಬ್ಬ ಹಿಡಿಯುವವನು, ಮಿಕ್ಕವರು ಓಡುವವರು, ನಡುವೆ ಒಂದು ಕಂಬ. ಕಂಬ ಮುಟ್ಟಿಕೊಂಡವರನ್ನು ಹಿಡಿಯುವಂತಿಲ್ಲ, ಬಿಟ್ಟವರನ್ನು ಹಿಡಿಯಬಹುದು. ಅಂಗಳದಲ್ಲಿ ಕಂಬ ಇರಲಿಲ್ಲ. ದಿಂಬು ಇದ್ದಳು.

"ನೋಡಿದ್ರಾ," ತಕ್ಕಡಿಯಣ್ಣನಿಗೆ ಇನ್ನೂ ಸ್ವಲ್ಪ ಜಂಬ ಉಳಿದಿತ್ತು, "ಅವಳಿಲ್ದೆ ಆಟಾನೇ ಇಲ್ಲ."

ಮುಂದಿನ ಹಲ್ಲು ಬಿದ್ದ ಐದು ವರ್ಷದ ಒಬ್ಬಳು ಪಕ್ಕದಲ್ಲೇ ಓಡಿಹೋಗುತ್ತಿದ್ದಳು. ನರ್ಸಮ್ಮ ಅವಳನ್ನು ನಿಲ್ಲಿಸಿ ಕೇಳಿದರು. "ದಿಂಬು ಯಾವಾಗ ಓಡ್ತಾಳೆ ಪುಟ್ಟೀ?"

"ಅವಳು ಓಡಲ್ಲ. ಅವಳು ಕಂಬ."

"ಇವತ್ತಾ?"

"ಯಾವಾಗ್ಲೂ," ಎಂದು ಹುಡುಗಿ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. "ಮೊದ್ಲು ಓಡ್ತಿದ್ಲು. ಆಮೇಲೆ ಕೂತ್ಕೋತಿದ್ಲು. ಅದಕ್ಕೇ ಕಂಬ ಮಾಡಿದ್ವಿ."

ತಕ್ಕಡಿಯಣ್ಣ ಮಗಳ ಕಡೆ ನೋಡಿದ. ಮುಳ್ಳಿನ ಕೂದಲೆಳೆಯ ನಡುಕವನ್ನೂ ಹಿಡಿಯುವ ಕಣ್ಣು ಅವನದು. ಆ ಕಣ್ಣಿಗೆ ಬಿತ್ತು. ದಿಂಬು ಕೈಗಳನ್ನು ಮೈಗೆ ಅಂಟಿಸಿಕೊಂಡು ನೆಟ್ಟಗೆ, ಕಂಬಕ್ಕೆ ಒಪ್ಪುವಂತೆ ನಿಂತಿದ್ದಳು. ಆದರೆ ಯಾರಾದರೂ ಕಂಬ ಬಿಟ್ಟು ಓಡಿದಾಗಲೆಲ್ಲ ಅವಳ ಹಿಮ್ಮಡಿಗಳು ಮೆಲ್ಲಗೆ ಮೇಲೇಳುತ್ತಿದ್ದವು, ಎಡ, ಬಲ, ಎಡ, ಬಲ. ಕಂಬ ನಿಂತಲ್ಲೇ ಓಡುತ್ತಿತ್ತು.

ಅವನು ಕೈಯಲ್ಲಿದ್ದ ಒಂದು ಕೆಜಿಯ ಬಟ್ಟನ್ನು ಇನ್‌ಸ್ಪೆಕ್ಟರ ಕೈಗಿಟ್ಟು, ಅಂಗಳ ದಾಟಿ ಹೋಗಿ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ದಿಂಬೂ, ಈಗ ನಾನು ಕಂಬ. ನೀನು ಹೋಗು."

ಆಟ ನಿಂತಿತು. ಮಕ್ಕಳು ಗುಂಪುಕೂಡಿ ಸಮಾಲೋಚನೆ ನಡೆಸಿದರು. ಹಲ್ಲು ಬಿದ್ದವಳು ಅವನ ಸುತ್ತ ಒಂದು ಸುತ್ತು ಬಂದು ಪರಿಶೀಲಿಸಿದಳು. "ಅಲ್ಲಾಡಬಾರ್ದು," ಎಂದಳು.

"ಇಲ್ಲ."

"ಮಾತಾಡಬಾರ್ದು."

ಅವನು ತಲೆಯಾಡಿಸಿದ. "ಅಲ್ಲಾಡಬಾರ್ದು ಅಂದ್ನಲ್ಲ!" ಎಂದು ಗದರಿದಳು. ಅವನು ಎದ್ದು ಕಂಬವಾದ.

ದಿಂಬುವನ್ನೇ ಹಿಡಿಯುವವಳನ್ನಾಗಿ ಮಾಡಿದರು. ಅವಳು ಒಂದು ಗಳಿಗೆ ತನ್ನ ಕಾಲುಗಳನ್ನೇ ನೋಡಿಕೊಂಡಳು, ಅವು ಅವಳ ಅಪ್ಪಣೆಗೆ ಕಾಯುತ್ತಿವೆಯೋ ಎಂಬಂತೆ. ಆಮೇಲೆ ಓಡಿದಳು. ಅದನ್ನು ಓಟ ಎನ್ನಬಹುದೇ ಎಂದು ಅನುಮಾನವಿದ್ದವರು ಅಂದು ಅಂಗಳದಲ್ಲಿ ಇರಲಿಲ್ಲ. ಮೈಯೆಲ್ಲ ಒಂದೊಂದು ದಿಕ್ಕಿಗೆ ಕುಣಿಯಿತು, ಕೆನ್ನೆಗಳು ಒಂದು ಹೆಜ್ಜೆ ಹಿಂದೆ ಉಳಿದು ಓಡಿ ಬಂದು ಸೇರಿಕೊಂಡವು. ದಿನಸಿ ಅಕ್ಕ ತನಗರಿವಿಲ್ಲದೆ ಎಣಿಸುತ್ತಿದ್ದಳು. "ಒಂಬತ್ತು... ಹತ್ತು... ಹನ್ನೊಂದು..." ಹನ್ನೊಂದಕ್ಕೆ ದಿಂಬು ಧೊಪ್ಪೆಂದು ಕೂತಳು.

ಬೇಕರಿಯವನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಒಂದು ಕ್ರೀಮ್ ಬಿಸ್ಕತ್ತು ಹೊರಬಂತು. "ಪಾಪ, ಸುಸ್ತಾಯ್ತು ಮಗೂಗೆ..."

ಅವನ ಮಣಿಕಟ್ಟನ್ನು ಪೊರಕೆ ಕಡ್ಡಿಯಂಥ ಒಂದು ಕೈ ಹಿಡಿಯಿತು. ಇಕ್ಕಳದ ಹಿಡಿತ.

"ಇರೋ," ಎಂದಳು ಅಜ್ಜಿ. ಕಣ್ಣು ಮಗುವಿನ ಮೇಲೆಯೇ ಇತ್ತು. "ಏಳ್ತಾಳೆ. ನೋಡ್ತಾ ಇರು."

ದಿಂಬು ಎದ್ದಳು. ಈ ಸಲ ಹದಿಮೂರು ಹೆಜ್ಜೆ. ಯಾರೂ ಸಿಗಲಿಲ್ಲ, ಎಲ್ಲ ಮೀನುಗಳಂತೆ ಜಾರಿದರು. ಮತ್ತೆ ಕೂತಳು, ಮತ್ತೆ ಎದ್ದಳು. ಕಂಬದ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳುವಂತಿರಲಿಲ್ಲ.

ಇನ್‌ಸ್ಪೆಕ್ಟರಿಗೆ ಬೇರೆ ಕೆಲಸಗಳಿದ್ದವು. ವರದಿ ಬರೆದು ಮುಗಿಸಿದ್ದರು. 'ಯಂತ್ರ ಸರಿಯಿದೆ. ಮಾತು ತಪ್ಪಾಗಿತ್ತು.' ಅರ್ಜಿದಾರನ ಸಹಿಯೊಂದು ಬಾಕಿ. ಅವರು ಅಂಗಳದ ನಡುವಿಗೆ ನಡೆದುಬಂದರು. "ಇಲ್ಲೊಂದು ಸಹಿ ಹಾಕಪ್ಪಾ."

ಕಂಬ ಅಲ್ಲಾಡಲಿಲ್ಲ, ಮಾತಾಡಲಿಲ್ಲ.

"ಸರಿ, ಆಮೇಲೆ ಹಾಕು. ನನ್ನ ಸಹಿಯಾದ್ರೂ ಹಾಕ್ತೀನಿ," ಎಂದು ಇನ್‌ಸ್ಪೆಕ್ಟರು ಕಾಗದವನ್ನು ಅವನ ಬೆನ್ನಿಗೆ ಒತ್ತಿ ಹಿಡಿದು ಪೆನ್ನು ತೆಗೆದರು.

"ಕಂಬ ಮುಟ್ಟಿದ್ರು!" ಹಲ್ಲು ಬಿದ್ದವಳು ಕಿರುಚಿದಳು. "ಅವರೂ ಆಟಕ್ಕೆ! ಅವರೂ ಆಟಕ್ಕೆ!"

"ನಾನು ಸರ್ಕಾರಿ ಕೆಲಸದ ಮೇಲೆ ಬಂದವನು," ಎಂದರು ಇನ್‌ಸ್ಪೆಕ್ಟರು.

"ಮುಟ್ಟಿದ್ಮೇಲೆ ಮುಟ್ಟಿದ್ಹಾಗೇ!" ನಲವತ್ತು ಮಕ್ಕಳ ಒಕ್ಕೊರಲ ತೀರ್ಪು ಬಂತು. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಇನ್‌ಸ್ಪೆಕ್ಟರು ಸುತ್ತ ನೋಡಿದರು. ಹತ್ತು ಹೆಜ್ಜೆ ದೂರದಲ್ಲಿ ದಿಂಬು ನಿಂತಿದ್ದಳು. ಮೊಣಕಾಲಿನ ಮೇಲೆ ಕೈಯೂರಿ ಉಸಿರೆಳೆಯುತ್ತಾ, ಅಷ್ಟೂ ಹೊತ್ತು ಒಬ್ಬರನ್ನೂ ಹಿಡಿಯಲಾಗದ ದಿಂಬು, ಅವರನ್ನೇ ನೋಡುತ್ತಿದ್ದಳು. ಅವರ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಯಾರೂ ಅವರನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.

ಅವರು ಘನತೆಯಿಂದ ಕಂಬ ಬಿಟ್ಟರು. ಗೇಟಿನ ಕಡೆ ನಡೆದರು. ಹಿಂದೆ ಧಪಧಪ ಕೇಳಿತು. ಸ್ವಲ್ಪ ಬೇಗ ನಡೆದರು. ಧಪಧಪವೂ ಬೇಗವಾಯಿತು. ಕೊನೆಗೆ ತೂಕ-ಅಳತೆ ಇಲಾಖೆ ಫೈಲನ್ನು ಕಂಕುಳಿಗೆ ಅವುಚಿಕೊಂಡು ಓಡಿತು. ಕೆಳಗಿನ ಗುಂಡಿಯೊಂದು ಸಿಡಿದು ದಿನಸಿ ಅಕ್ಕನ ಕಾಲ ಬಳಿ ಬಿತ್ತು. ಅವಳು ಎಣಿಸುವುದನ್ನು ನಿಲ್ಲಿಸಲಿಲ್ಲ. "ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು..."

ಇಪ್ಪತ್ಮೂರಕ್ಕೆ, ಗೇಟಿನ ಬಳಿ, ಮೂರು ಮೂರು ಮಡಿಕೆಗಳ ಎರಡು ಕೈಗಳು ಇನ್‌ಸ್ಪೆಕ್ಟರ ಕಾಲನ್ನು ತಬ್ಬಿಕೊಂಡವು.

ಇಬ್ಬರೂ ಉಸಿರಿಗಾಗಿ ಬಾಯಿ ತೆರೆದು ನಿಂತರು. ಇನ್‌ಸ್ಪೆಕ್ಟರು ಗೇಟಿನ ಸರಳು ಹಿಡಿದುಕೊಂಡು ಕೇಳಿದರು. "ನರ್ಸಮ್ಮಾ... ಆ ಮಿಷನ್ ಮೇಲೆ... ದೊಡ್ಡೋರು ನಿಲ್ಲಬಹುದಾ?"

ನರ್ಸಮ್ಮ ಉತ್ತರ ಕೊಡುವ ಮೊದಲೇ ದಿಂಬು ಅವರ ಪ್ಯಾಂಟು ಜಗ್ಗಿದಳು.

"ಅದೆಲ್ಲ ಆಮೇಲೆ," ಎಂದಳು. "ಈಗ ನೀನು ನನ್ನ ಹಿಡಿ."

ಎಂದವಳೇ ಓಡಿದಳು.